ತಿಂಗಳ ಚೀಟಿ

ಒದ್ದೆ ಟವೆಲಿನ ಜಗಳ ಒಂದು ಮೊಳೆಯಲ್ಲಿ ಮುಗಿಯಿತು.
ಬಾಗಿಲ ಹಿಂದೆ ನೀನೇ ಹೊಡೆದೆ,
ಹೆಬ್ಬೆರಳಿಗೂ ಒಂದು ಪೆಟ್ಟು ಬಿತ್ತು,
ನಾನು ನಕ್ಕೆ, ನಕ್ಕಿದ್ದಕ್ಕೆ ಮತ್ತೊಂದು ಜಗಳ,
ಅದು ಚಹಾ ಆರುವುದರೊಳಗೆ ಆರಿತು.

ಫ್ಯಾನು ನಿನಗೆ ಐದರಲ್ಲಿ, ನನಗೆ ಎರಡರಲ್ಲಿ.
ನಿನ್ನ ಮಗ್ಗುಲಿಗೊಂದು ಟೇಬಲ್ ಫ್ಯಾನು ಬಂತು.
ಬಂಗುಡೆ ಸಾರಿಗೆ ಹುಳಿ ಹೆಚ್ಚೆಂಬ ತಕರಾರಿಗೆ
ನಿನ್ನ ಅಮ್ಮನೇ ಒಂದು ದಿನ ಉಂಡು
"ಹುಳಿ ಸರಿ ಇದೆ ಮಾರಾಯ, ನಿನ್ನ ನಾಲಿಗೆಯೇ ಸುಟ್ಟಿದೆ" ಎಂದರು.
ಇಂಥವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೆ ಕೇಳಿದವರಿಗೆಲ್ಲ ಕೊಡುತ್ತೀಯಲ್ಲ,
ಬಲೆ ಹರಿದವನಿಗೆ, ಮಗಳ ಫೀಸು ಕಟ್ಟಲಾಗದವನಿಗೆ,
ಹೋದ ವರ್ಷದ್ದೇ ತೀರಿಸದ ಆ ವಾಮನನಿಗೆ ಮತ್ತೆ,
ಅದಕ್ಕೆ ಎಲ್ಲಿ ಹೊಡೆಯಲಿ ಮೊಳೆ?

ಹನ್ನೊಂದು ವರ್ಷ.
ಅತ್ತು ಹೇಳಿದೆ, ಬರೆದು ತೋರಿಸಿದೆ,
ಒಮ್ಮೆ ಪಾಸ್‌ಬುಕ್ಕನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ.
ನೀನು ಹೂಂ ಎಂದೆ. ಮಳೆಗಾಲದ ರಜೆ ಮುಗಿದು
ಮೊದಲ ಬೋಟು ನೀರಿಗಿಳಿಯುವಷ್ಟರಲ್ಲಿ
ಮತ್ತೆ ಅದೇ ಕೈ, ಅದೇ ಜೇಬು.
"ಕಡಲಿಗೆ ಹೋಗುವವ ಇಲ್ಲ ಅನ್ನಬಾರದು" ಅನ್ನುತ್ತೀ.
"ದಡದಲ್ಲಿ ಕಾಯುವವಳು ಏನನ್ನಬೇಕು?" ಅನ್ನುತ್ತೇನೆ.
ಇಬ್ಬರದೂ ಸರಿ. ಕಷ್ಟ ಇರುವುದೇ ಅಲ್ಲಿ.

ಬೆಳಿಗ್ಗೆ ಬೆಂಗ್ರೆಯಿಂದ ಫೆರಿ ದಾಟಿ
ಹಂಪನಕಟ್ಟೆಯ ಮದ್ದಿನಂಗಡಿಯಲ್ಲಿ ನಿಲ್ಲುತ್ತೇನೆ.
ಗಂಟಲು ನೋವಿನವರು ಐದು ದಿನದ ಮಾತ್ರೆ ಒಯ್ಯುತ್ತಾರೆ,
ಅವರ ಮುಖ ನನಗೆ ನೆನಪಿರುವುದಿಲ್ಲ.
ಮೋಂತಿಬಾಯಿ ಬರುವುದು ತಿಂಗಳಿಗೊಮ್ಮೆ,
ಮಡಿಕೆಯಲ್ಲಿ ಹರಿದ ಅದೇ ಚೀಟಿ, ಅದೇ ಸಕ್ಕರೆ ಕಾಯಿಲೆ.
"ಗುಣ ಆಗುವುದು ಯಾವಾಗ ಬಾಯಮ್ಮ?" ಎಂದರೆ
"ಗುಣವಾ? ಇದು ಮಣ್ಣಿಗೂ ನನ್ನ ಜೊತೆಗೇ ಬರುತ್ತದೆ ಮಗಾ,
ರೋಸಿನ ಊಟಕ್ಕೂ ಕರಕೊಂಡು ಹೋಗುತ್ತೇನೆ,
ಪಾಯಸ ಮಾತ್ರ ಅರ್ಧ ಲೋಟ."

ನೀನೂ ಒಮ್ಮೆ ಹೇಳಿದ್ದೆ, ಅಳಿವೆ ಬಾಗಿಲ ದಿಬ್ಬದ ಬಗ್ಗೆ:
ಯಂತ್ರ ತಂದು ಮರಳು ತೆಗೆಯುತ್ತಾರೆ,
ಮಳೆ ಹೋಗುವಾಗ ಅದು ಬಂದು ಕೂತಿರುತ್ತದೆ
ಒಂದೆರಡು ಮಾರು ಆಚೀಚೆ.
ತಾಂಡೇಲನಾದವ ಬೈಯುತ್ತಾ ನಿಲ್ಲುವುದಿಲ್ಲ,
ಉಬ್ಬರ ನೋಡಿ ದಾಟುತ್ತಾನೆ.
ನಮ್ಮಲ್ಲಿ ದಿಬ್ಬ ಯಾರು ಅಂತ
ಅವತ್ತು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ.

ನಿನ್ನೆ ರಾತ್ರಿ ವಾಮನ ಬಂದ. ಅಂಗಳದಲ್ಲೇ ನಿಂತ.
ನೀನು ತಿರುಗಿ ನನ್ನ ಮುಖ ನೋಡಿದೆ.
ಮೊದಲೆಲ್ಲ ನೋಡುತ್ತಿರಲಿಲ್ಲ.
"ಎಷ್ಟಂತೆ?"
ಹೇಳಿದೆ.
"ಅರ್ಧ" ಎಂದೆ.
ನಿನಗೆ ಅದು ಕಡಿಮೆ, ನನಗೆ ಅದು ಹೆಚ್ಚು,
ಅವ ಎಣಿಸದೆ ಜೇಬಿಗಿಟ್ಟು ಹೋದ.
ಬೆನ್ನಿಗೆ ಬೆನ್ನು ಹಾಕಿ ಮಲಗಿದೆವು,
ನಿನ್ನ ಫ್ಯಾನು ತಿರುಗುತ್ತಾ ತಿರುಗುತ್ತಾ
ನನ್ನ ಕಡೆಗೂ ಸ್ವಲ್ಪ ಬೀಸಿತು.

ಬೆಳಿಗ್ಗೆ ನೀನಿರಲಿಲ್ಲ.
ಬಾಗಿಲ ಹಿಂದೆ, ಮೊಳೆಯಲ್ಲಿ, ಟವೆಲಿತ್ತು.