ಅಳತೆ ಪುಸ್ತಕ

ಎದೆ ಮೂವತ್ನಾಲ್ಕು, ತೋಳು ಹತ್ತು, ಭುಜ ಹದಿಮೂರೂವರೆ.
ಗಿಣಿಗೇರಾದ ಅರ್ಧ ಹೆಂಗಸರು
ನನ್ನ ಪುಸ್ತಕದಲ್ಲಿದ್ದಾರೆ.
ಕೊನೆಯ ಹಾಳೆ ಮಾತ್ರ ಮಳೆಯದು.

ಆರು ಅಡಿ ಉದ್ದ, ಐದು ಅಗಲ, ಕತ್ತಿನ ಮಟ ಆಳ.
ಗೌಂಡಿ ಪಕೀರಪ್ಪ ಕಟ್ಟಿದ ತೊಟ್ಟಿ
ಹಿತ್ತಲ ನೆಲದೊಳಗೆ ಮುಚ್ಚಳ ಹಾಕಿಕೊಂಡು ಕೂತಿದೆ.
ಕೂಲಿಗೆ ಬದಲು ಅವನ ಇಬ್ಬರು ಹುಡುಗಿಯರಿಗೆ
ಎರಡು ವರ್ಷ ಯೂನಿಫಾರ್ಮ್ ಹೊಲಿದುಕೊಟ್ಟೆ,
ನೆರಿಗೆಯಲ್ಲಿ ಒಂದೂ ಕದಿಯಲಿಲ್ಲ.

ಬೋರಿನ ನೀರು ಸಿಗುವುದಿಲ್ಲ ಅಂತಲ್ಲ.
ತೊಗರಿಬೇಳೆ ಅದರೊಳಗೆ ಹಠ ಹಿಡಿಯುತ್ತದೆ,
ಒಂಬತ್ತು ಸೀಟಿಗೂ ಕಾಳು ಕಾಳೇ.
ಬಿಳಿ ಬಟ್ಟೆಗೆ ಚಿಮುಕಿಸಿ ಇಸ್ತ್ರಿ ಎಳೆದರೆ
ಉಪ್ಪಿನ ಗೆರೆ.

ಮಳೆನೀರಿಗೂ ಒಂದು ತೊಂದರೆ.
ಫ್ಯಾಕ್ಟರಿ ಚಿಮಣಿ ರಾತ್ರಿಯೆಲ್ಲ ಉಸಿರು ಬಿಡುತ್ತದೆ,
ಬೆಳಗ್ಗೆ ತಾರಸಿಗೆ ಅಂಗಾಲಿಟ್ಟರೆ
ಕಾಡಿಗೆ ಡಬ್ಬಿಯೊಳಗೆ ಕಾಲಿಟ್ಟ ಹಾಗೆ.
ಅದಕ್ಕೇ ಮೊದಲ ನೀರು ನಮ್ಮದಲ್ಲ.
ಅದು ಬೂದಿಯದು, ಬೀದಿಗೆ ಹೋಗಲಿ.
ಪೈಪಿನ ಮೊಣಕೈ ಹೊರಕ್ಕೆ ತಿರುಗಿಸಿ
ಒಂದು ಜಂಪರಿಗೆ ಐದು ಹುಕ್ಕು ಹಚ್ಚುವಷ್ಟು ಹೊತ್ತು ಕಾಯುತ್ತೇನೆ,
ಆಮೇಲೆ ಒಳಕ್ಕೆ.
ಬಾಯಿಗೆ ನಾಲ್ಕು ಪದರ ಹಳೆ ಧೋತರದ ಚೀಲ,
ಡಬಲ್ ಹೊಲಿಗೆ.
ಅದರ ಕೆಳಗೆ ಇದ್ದಿಲು, ಮರಳು, ಜಲ್ಲಿ.

ಮಳೆಗಳೂ ಗಿರಾಕಿಗಳೇ.
ಮೃಗಶಿರಾ: ಬರುತ್ತೇನೆ ಅಂದಳು, ಬರಲಿಲ್ಲ.
ಆರಿದ್ರಾ: ಮೂರು ಇಂಚು, ಅದೂ ಚೌಕಾಸಿ ಮಾಡಿ.
ಪುಷ್ಯ: ಬಾಗಿಲ ತನಕ ಬಂದು
ಬಣ್ಣ ಹೊಂದಲಿಲ್ಲ ಅಂತ ವಾಪಸ್ಸು.
ಮಘೆ: ಹನ್ನೊಂದು. ನಡುರಾತ್ರಿ ಕದ ಬಡಿದು
ಈಗಲೇ ಬೇಕು ಅಂದವಳು.
ಬಿದಿರು ಗಳಕ್ಕೆ ಟೇಪು ಕಟ್ಟಿ ಇಳಿಬಿಡುತ್ತೇನೆ.
ಮಗಳು ತಸ್ಲೀಮಾ ಓದುತ್ತಾಳೆ,
ಯಾವಾಗಲೂ ಅರ್ಧ ಇಂಚು ಹೆಚ್ಚೇ ಓದುತ್ತಾಳೆ.
ನಾನು ತಿದ್ದುವುದಿಲ್ಲ.

ಪಕ್ಕದ ಗಾಳೆಮ್ಮನಿಗೆ ನಗು.
"ಏನ ಹೊನ್ನೂರಬಿ, ಮಳಿಗೂ ಜಂಪರ್ ಹೊಲಿತೀ ಏನು?
ವಾರಕ್ಕೊಮ್ಮಿ ನಳ ಬರ್ತದಲ್ಲ, ಸಾಲಂಗಿಲ್ಲೇನು?"

ಉತ್ತರಿ ಮಳೆಯ ದಿನ ನಾನು ಕೊಪ್ಪಳದಲ್ಲಿದ್ದೆ,
ಜವಾಹರ ರಸ್ತೆಯಲ್ಲಿ, ಅಸ್ತರು ಬಟ್ಟೆ ಕೊಳ್ಳುತ್ತ.
ಆಕಾಶ ಉದ್ದಕ್ಕೂ ಹರಿಯಿತು, ಕತ್ತರಿ ಇಲ್ಲದೆ.
ಮನೆಯಲ್ಲಿ ಪೈಪು ಹೊರಕ್ಕೇ ತಿರುಗಿದೆ.
ತಸ್ಲೀಮಾ ಶಾಲೆಯಲ್ಲಿ.
ಟಂಟಂ ಅದಿರಿನ ಲಾರಿಗಳ ಹಿಂದೆ ನಿಂತು ನಿಂತು ಹೊರಟಿತು,
ಸೀಟಿನಲ್ಲಿ ಕೂತೇ ನಾನು
ಇಂಚು ಇಂಚು ಕಳೆದುಕೊಂಡೆ.

ಬಂದು ನೋಡಿದರೆ ಹಿತ್ತಲಲ್ಲಿ
ಗೊಬ್ಬರದ ಚೀಲ ತಲೆಗೆ ಹೊದ್ದು ನಿಂತ ಗಾಳೆಮ್ಮ.
ಪೈಪು ಒಳಕ್ಕೆ ತಿರುಗಿತ್ತು.
"ಮೊದಲಿನ ನೀರು ಬಿಟ್ಟೆಯಾ?" ಅಂದೆ.
ಹಾಗೆ ಕೇಳಬಾರದಿತ್ತು, ಬಾಯಿಗೆ ಅದೇ ಬಂತು.
ಅವಳು ಗೋಡೆ ಬದಿಗೆ ಕೆಂಪಗೆ ಉಗುಳಿ
"ಒಂದ್ ಎಲಿ ಅಡಿಕಿ ಅಗದು ಮುಗಸೋತನ ಬಿಟ್ಟೀನವಾ,
ನಿನ್ನ ಹುಕ್ಕಿನ ಲೆಕ್ಕ ನನಗ ಬರಂಗಿಲ್ಲ" ಅಂದಳು.

ಸಂಜೆ ಒಂದು ಕೊಡ ಅವಳ ಮನೆಗೆ ಹೋಯಿತು.
ಗೋಡೆಗೆ ಕಿವಿಯಿಟ್ಟು ಎಣಿಸಿದೆ:
ಒಂದು ಸೀಟಿ. ಎರಡು. ಮೂರು.
ಆಮೇಲೆ ಇಲ್ಲ.
ಆಮೇಲೆ ಒಗ್ಗರಣೆ ಚುಂಯ್ ಅಂದದ್ದು.

ಪುಸ್ತಕ ತೆಗೆದು ಬರೆದೆ: ಉತ್ತರಿ, ಹದಿನಾಲ್ಕು.
ಗಾಳೆಮ್ಮನ ಹಾಳೆಯಲ್ಲಿ ಬಾಕಿ ನೂರಿಪ್ಪತ್ತಿತ್ತು,
ಹೊಡೆದು ಹಾಕಿದೆ.
ಮರುದಿನ ಬಂದವಳು ಬಾಕಿಯ ಮಾತೇ ಎತ್ತಲಿಲ್ಲ.
ತೋಳು ಬಿಗಿ, ಅರ್ಧ ಇಂಚು ಬಿಡು ಅಂತ
ಜಂಪರ್ ಮಶೀನಿನ ಮೇಲೆ ಒಗೆದು ಹೋದಳು.

ಒಳಗೆ ಮಡಚಿಟ್ಟ ಬಟ್ಟೆ ಇತ್ತು.
ಬಿಚ್ಚಿದೆ.