ನಲವತ್ತು ನಿಮಿಷ

ಗ್ರೀಕರ ನಾಡಿನಲ್ಲಿ ನನ್ನಂಥವಳೊಬ್ಬಳು ಇದ್ದಳಂತೆ,
ಬೂದುಗಣ್ಣಿನವಳು. ತಲೆಗೆ ಕಂಚಿನ ಟೊಪ್ಪಿ, ಕೈಯಲ್ಲಿ ಈಟಿ,
ಹೆಗಲ ಮೇಲೆ ಗೂಬೆ.
ನೂಲು, ನೇಯ್ಗೆ ಕೂಡ ಅವಳದೇ ಖಾತೆ ಎಂದು ಕೇಳಿ
ಒಂಥರಾ ಅಕ್ಕರೆ ನನಗೆ, ಕಾಣದ ಓರಗಿತ್ತಿಯ ಮೇಲೆ.

ಇಪ್ಪತ್ತು ವರ್ಷ ತಡವಾಗಿ ಬಂದ ಒಬ್ಬ ದೊರೆಯನ್ನು
ಅವನದೇ ದಡದಲ್ಲಿ ನಿಲ್ಲಿಸಿ ಮಂಜು ಕವಿಸಿದಳಂತೆ,
ಹುಟ್ಟಿದ ಊರು ಅವನಿಗೇ ಗುರುತು ಸಿಗದ ಹಾಗೆ.

ನನಗೆ ಆ ಖರ್ಚು ಬೀಳಲಿಲ್ಲ.
ದೇವಲಪ್ಪ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದಾಗ ರಾತ್ರಿ ಎರಡೂವರೆ.
ಬೆಂಗಳೂರು ತಾನೇ ಮುಖ ಬದಲಾಯಿಸಿಕೊಂಡು ಕೂತಿತ್ತು.
ನೆಲಕ್ಕೆ ಬಾಯಿ ಬಂದು ರೈಲು ನುಂಗುತ್ತಿತ್ತು.
ಸಿನಿಮಾ ಟಾಕೀಸು ಇದ್ದ ಕಡೆ ಗಾಜು.
ಕಂಬಕ್ಕೆ ಕೈಯಾನಿಸಿ ಕೇಳಿದ ಪಾಪ,
"ಇದು ಯಾವ ಊರು?"

ನನ್ನ ಗುಡಿ ಮೂರಡಿ, ಕಬ್ಬನ್‌ಪೇಟೆಯ ಒಂದು ಗಲ್ಲಿಯಲ್ಲಿ.
ಬಲಕ್ಕೆ ಟ್ರಾನ್ಸ್‌ಫಾರ್ಮರು, ಎಡಕ್ಕೆ ಜರಿ ತೂಗುವ ಅಂಗಡಿ.
ಅರಿಶಿನದ ಮುಖ, ಬೆಳ್ಳಿಯ ಕಣ್ಣೆರಡು, ಒಂದು ಸಡಿಲ.
ಸಿಂಹವಿದೆ, ಹಿತ್ತಾಳೆಯದು. ಬಾಲ ಮುರಿದು ಎಷ್ಟೋ ಕಾಲವಾಯಿತು.

ಆದರೂ ಹೋದೆ.
ಸೈಕಲ್ಲಿಗೆ ಟೀ ಫ್ಲಾಸ್ಕು ಕಟ್ಟಿದ ಹದಿನಾರರ ಹುಡುಗಿಯಾಗಿ.
"ಯಾವ ಕಡೆಯಿಂದ ಅಂಕಲ್?"
"ದಾವಣಗೆರೆ. ಮೆಕ್ಕೆಜೋಳದ ವ್ಯಾಪಾರ.
ತಂಗಿ ಮದುವೆ, ಸೀರೆ ನೋಡೋಣ ಅಂತ ಬಂದೆ."
ಒಂದು ಅಕ್ಷರ ತಡವರಿಸಲಿಲ್ಲ!
ಸೂರತ್ತಿನ ಮಿಲ್ಲು, ಭಿವಂಡಿಯ ಬೆಂಕಿ, ಮುಳುಗಿದ ಹಡಗಿನ ಅಡುಗೆಮನೆ,
ಮಸ್ಕತ್ತಿನಲ್ಲಿ ಒಬ್ಬಳ ಮನೆಯ ಏಳು ವರ್ಷ,
ಎಲ್ಲವನ್ನೂ ಬನ್ನಿನ ಹಾಗೆ ಚಹಾದಲ್ಲಿ ಅದ್ದಿ ನುಂಗಿಬಿಟ್ಟ.
ನಕ್ಕೆ. ನನ್ನ ಒಕ್ಕಲು ಅಂದರೆ ಹೀಗಿರಬೇಕು.
ತಪ್ಪಿದ ಇಪ್ಪತ್ತು ಪೂಜೆ ಆ ಒಂದು ಸುಳ್ಳಿಗೆ ಮನ್ನಾ.
"ಸೀರೆ ತಾನೆ? ನನ್ನ ಹಿಂದೆ ಬನ್ನಿ."

ಅಂಬುಜಾಕ್ಷಿಯ ಜಗಲಿಯಲ್ಲಿ ಬ್ರೋಕರುಗಳು ಕುಡಿದಿಟ್ಟ ಲೋಟಗಳು.
ಮೂರು ವರ್ಷದಿಂದ ಅದೇ ಪತ್ರ, ಅದೇ ಪೆನ್ನು,
"ಒಂದು ಸಹಿ ಅಕ್ಕಾ, ಏಳು ಮಹಡಿ ಏಳತ್ತೆ."
"ಮಗ್ಗದ ಮೇಲಿರೋ ಸೀರೆ ಮುಗೀಲಿ" ಅನ್ನುತ್ತಾಳೆ.
ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚುತ್ತಾಳೋ?
ಎಲ್ಲಿಯ ಮಾತು, ರೇಷ್ಮೆಯ ರೇಟು ಗೊತ್ತಿದೆಯಾ!
ಮುಗಿದದ್ದನ್ನು ಮಾರಿ ಆವತ್ತೇ ಹೊಸ ಹಾಸು ಹೂಡುತ್ತಾಳೆ.
ಒಂದೇ ಸೀರೆ ಅಂದುಕೊಂಡಿದ್ದಾರೆ ಪೆದ್ದರು.
ಅದು ಮೂವತ್ತೊಂದನೆಯದು.

ಅವನು ಹೊಸಿಲಲ್ಲಿ ನಿಂತ. ಲಾಳಿ ನಿಲ್ಲಲಿಲ್ಲ.
ತಲೆಯೆತ್ತದೆ ಅಂದಳು, "ಯಾರೋ ಗಂಡಸರು ಬಂದಿರಿ, ಒಳ್ಳೇದಾಯ್ತು.
ಈ ಮಗ್ಗ ಎಳೆದು ಬೀದಿಗೆ ಹಾಕಬೇಕು, ಒಂದು ಕೈ ಹಚ್ಚಿ."

ಅಲ್ಲಿಗೆ ದಾವಣಗೆರೆಯ ವ್ಯಾಪಾರಿ ಸತ್ತ.
"ಗುಂಡಿಮಗ್ಗ ಎಳೆಯೋದಾ? ಎಲ್ಲಿಗೆ ಎಳೀತೀಯೆ?
ಈ ಗುಂಡಿ ತೋಡಿದವನು ನಾನು.
ಮೊಣಕಾಲುದ್ದಕ್ಕೆ ಬಂಡೆ ಸಿಕ್ಕಿ, ಒಡೆಯಲಾರದೆ ಬಿಟ್ಟೆ.
ಅದಕ್ಕೇ ಇವತ್ತಿಗೂ ನಿನ್ನ ಎಡಗಾಲು ಸೊಟ್ಟ ಇಟ್ಟು ತುಳೀಬೇಕು."

ಅವಳು ಎಡಗಾಲು ಮೇಲಕ್ಕೆತ್ತಿಕೊಂಡಳು.
ಪಾದವನ್ನು ತಾನೇ ನೋಡಿಕೊಂಡಳು, ತುಂಬ ಹೊತ್ತು.

ಅಲ್ಲಿ ನನಗೆ ಕೆಲಸವಿರಲಿಲ್ಲ.
ಆ ಬಂಡೆಯನ್ನು ನಾನು ಇಟ್ಟದ್ದಲ್ಲ.

ನನ್ನ ಓರಗಿತ್ತಿಯಾದರೆ ಬೆಳಗನ್ನೇ ಕಡಲಂಚಿನಲ್ಲಿ ತಡೆದು
ಹೊತ್ತಿನ ಕುದುರೆಗಳಿಗೆ ನೊಗ ಹೂಡಗೊಡಲಿಲ್ಲವಂತೆ,
ಅವರಿಬ್ಬರ ಮಾತು ಮುಗಿಯುವವರೆಗೆ.
ಸೂರ್ಯನ ಮೇಲೆ ನನಗೇನು ಅಧಿಕಾರ?
ಟ್ರಾನ್ಸ್‌ಫಾರ್ಮರಿನ ಫ್ಯೂಸು ಹಾರಿಸಿದೆ.
ಟೌನ್‌ಹಾಲಿನ ಹತ್ತಿರ ಹಾಲಿನ ವ್ಯಾನಿಗೆ ಒಂದು ಮೊಳೆ.
ಗಲ್ಲಿ ಕತ್ತಲಲ್ಲಿ ಮಗ್ಗುಲಾಗಿ ಇನ್ನಷ್ಟು ಮಲಗಿತು.
ನಲವತ್ತು ನಿಮಿಷ. ಅಷ್ಟೇ ನನ್ನ ಕೈಲಾದದ್ದು.

ಆಮೇಲೆ ಎಲ್ಲರೂ ಎದ್ದರು, ಹಾಲಿಲ್ಲ, ಕಾಫಿಯಿಲ್ಲ,
ಸಿಕ್ಕಸಿಕ್ಕವರನ್ನು ಬೈದರು, ನನ್ನನ್ನೂ.
ಬೈಸಿಕೊಂಡೆ.