ಅರ್ತ್ ಕೊಟ್ಟ ಬಾಬ್ತು

ಉಚ್ಚಿಲದ ನನ್ನ ಶೆಡ್ಡಿನೆದುರು, ಹೈವೇ ಬಿಟ್ಟಿಳಿದು
ಜೀಪೊಂದು ನಿಂತಿತು, ಅದರ ಬಾಲಕ್ಕೆ ಒಂದು ಮನೆ.
ಎರಡು ಚಕ್ರ, ಎರಡು ಕಿಟಕಿ, ಕಿಟಕಿಗೆ ಗೆರೆಗೆರೆ ಪರದೆ,
ಬಾಗಿಲ ಪಕ್ಕ ಬೈರಾಸು ಒಣಗಲು ಹಗ್ಗ.
ಇಳಿದವರು ಸೆವ್ರಿನ್ ಬಾಯಮ್ಮ,
ಮಸ್ಕತ್ತಿನಲ್ಲಿ ಇಪ್ಪತ್ತೊಂಬತ್ತು ವರ್ಷ ನರ್ಸು.

"ದೂಮಣ್ಣ, ಇದಕ್ಕೆ ಹುಚ್ಚು," ಅಂದರು.
"ಬ್ರೇಕ್ ಒತ್ತಿದರೆ ಎಡದ ಇಂಡಿಕೇಟರು ಅರೆಗಣ್ಣು ತೆರೀತದೆ,
ಬಲಕ್ಕೆ ಸಿಗ್ನಲ್ ಹಾಕಿದರೆ ನಂಬರ್ ಪ್ಲೇಟಿನ ಬಲ್ಬು ಮಿಣಮಿಣ.
ಹಂಪು ಹಾರಿದ ಮೇಲೆ ಎಲ್ಲ ಸರಿ,
ಒಂದು ಫರ್ಲಾಂಗು. ಪುನಃ ಹುಚ್ಚು.
ಹೆಜಮಾಡಿಯಲ್ಲಿ ಪೊಲೀಸಿನವ ಐನೂರು ತಕೊಂಡ."
ಎಲ್ಲಿಗೆ ಹೊರಟದ್ದು, ಕೇಳಿದೆ.
"ಮೊದಲು ಲೈಟು ಉರಿಯಲಿ."

ಬಲ್ಬು ಬದಲಿಸಿದೆ. ಅದೇ ಕತೆ.
ಸಾಕೆಟ್ ಬಿಚ್ಚಿದರೆ ಏಳು ಪಿನ್ನಿಗೂ ಹಸಿರು ಕಿಲುಬು;
ಕಡಲು ಅಷ್ಟು ಹತ್ತಿರ ಇಲ್ಲಿ,
ಉಪ್ಪು ಯಾರ ಮನೆಗೂ ಕೇಳಿ ಬರುವುದಿಲ್ಲ.
ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆವು, ನಾನೂ ಹುಡುಗ ಅನ್ಸಾರನೂ.
ಪಿನ್ನು ಹೊಳೆಯಿತು. ಹುಚ್ಚು ಬಿಡಲಿಲ್ಲ.

ತಂತಿಯ ಹಿಂದೆ ಹೋದರೆ ಬಣ್ಣಕ್ಕೆ ನಿಯತ್ತಿಲ್ಲ:
ಹಳದಿಯಾಗಿ ಒಳಹೊಕ್ಕದ್ದು ಕಂದಾಗಿ ಹೊರಬೀಳುತ್ತದೆ,
ನಡುವೆ ಮದುವೆಮನೆಯ ಸೀರಿಯಲ್ ಸೆಟ್ಟಿನ ತುಂಡು ವಯರು,
ಗಂಟಿನ ಮೇಲೆ ಟೇಪಿನ ಬದಲು ಬ್ಯಾಂಡೇಜು.
"ಅದು ನಾನೇ," ಅಂದರು ಬಾಯಮ್ಮ, ನಾಚದೆ.

ಗಂಜಿಯ ಹೊತ್ತು ಮೀರಿತು.
ಅವರು ಜೀಪಿನಲ್ಲಿ ಕೂತು ಒತ್ತುವುದು,
ನಾನು ಅಡಿಯಲ್ಲಿ ಅಂಗಾತ ಮಲಗಿ ಕೂಗುವುದು:
ಬಿಡಿ. ಒತ್ತಿ. ಒತ್ತಿಯೇ ಇರಿ.
ಲಾರಿ ಹೋದಾಗ ನನ್ನ ಮಾತು ಅವರಿಗಿಲ್ಲ, ಅವರದು ನನಗಿಲ್ಲ,
ನಡುವೆ ಅನ್ಸಾರ ನಿಂತು ಎರಡೂ ಕಡೆಗೆ ಕೈಬೀಸುತ್ತಾನೆ
ಗದ್ದೆಯ ಕೊಕ್ಕರೆ ಓಡಿಸುವವನ ಹಾಗೆ.

ಟೆಸ್ಟ್ ಲ್ಯಾಂಪಿನ ಕ್ಲಿಪ್ಪು ಟ್ರೈಲರಿನ ಕಬ್ಬಿಣಕ್ಕೆ ಕಚ್ಚಿಸಿ
ಮೊನೆ ಚುಚ್ಚಿದೆ. ಕರೆಂಟು ಇರುವ ತಂತಿಯಲ್ಲೂ ಕತ್ತಲೆ.
ಲ್ಯಾಂಪೇ ಸತ್ತಿತೋ ಎಂದು ಬ್ಯಾಟರಿಗೆ ಮುಟ್ಟಿಸಿದೆ, ಬೆಳಗಿತು.
ಉದ್ದ ವಯರು ಎಳೆದು ಕ್ಲಿಪ್ಪನ್ನು ಜೀಪಿನ ಮೈಗೆ ಕಚ್ಚಿಸಿ ಚುಚ್ಚಿದೆ,
ಉರಿಯಿತು.
ಸುಮ್ಮನೆ ಕೂತೆ ಆಗ, ಒಂದು ಬೀಡಿಯಷ್ಟು ಹೊತ್ತು.

ಅನ್ಸಾರ, ಇಲ್ಲಿ ಕೇಳು ಮಾರಾಯ,
ಹೋದ ಕರೆಂಟಿಗೆ ಹಿಂದೆ ಬರಲಿಕ್ಕುಂಟು.
ಅರ್ತ್ ಅಂದರೆ ಮಣ್ಣಲ್ಲ, ಹೆಸರು ಮಾತ್ರ ಹಾಗೆ;
ಬ್ಯಾಟರಿಯ ಕಡೆಗೆ ಮರಳುವ ಕಬ್ಬಿಣ ಅದು.
ಈ ಮನೆಗೆ ಅದು ಕಡಿದಿದೆ.
ಅದಕ್ಕೇ ಬ್ರೇಕಿನ ಕರೆಂಟು ಇಂಡಿಕೇಟರಿನ ಅಡುಗೆಮನೆಯೊಳಗಿಂದ ನುಗ್ಗಿ
ಅಲ್ಲಿನ ದೀಪ ಅರೆಬರೆ ಹಚ್ಚಿ ದಾರಿ ಹುಡುಕುವುದು.
ಹಂಪು ಹಾರಿದರೆ ಕೊಕ್ಕೆಯ ಗುಂಡು ತಾಗಿ
ಕಬ್ಬಿಣಕ್ಕೆ ಕಬ್ಬಿಣ, ಒಂದು ಫರ್ಲಾಂಗು ನೆಮ್ಮದಿ.
"ಹಾಗಾದರೆ ಬಲ್ಬಿನದು ತಪ್ಪೇ ಇಲ್ವಾ?"
ಸುಮ್ಮನೆ ಬದಲಿಸಿದ್ದು. ಹಳತನ್ನು ಬಿಸಾಡಬೇಡ.

ಬಿಳಿ ತಂತಿಯ ಬೋಲ್ಟು ಸಿಕ್ಕಿದ್ದು ಎಡಚಕ್ರದ ಹಿಂದೆ
ಮೂರು ಕೋಟು ನೀಲಿ ಪೇಂಟಿನಡಿ.
ತುಕ್ಕು ಹಿಡಿಯಬಾರದೆಂದು ಬಾಯಮ್ಮನೇ
ಬೋಲ್ಟು ಬಿಚ್ಚಿ, ಬಳಿದು, ಒಣಗಿಸಿ, ಪುನಃ ಬಿಗಿದದ್ದು.
ಅಷ್ಟು ಅಚ್ಚುಕಟ್ಟು.
ಬೈಯಲು ತೆರೆದ ಬಾಯಿ ಮುಚ್ಚಿದೆ.

ಪಾಲಿಶ್ ಪೇಪರು ತಿಕ್ಕಿದೆ; ನೀಲಿ ಹೋಗಿ, ಕೆಂಪು ಪ್ರೈಮರ್ ಹೋಗಿ,
ಎಂಟಾಣೆಯಷ್ಟಗಲ ಕಬ್ಬಿಣ ಬತ್ತಲೆ ಹೊಳೆಯಿತು.
ಹೊಸ ಬೋಲ್ಟು, ಹಲ್ಲಿನ ವಾಷರು.
ಗ್ರೀಸು ಮುಗಿದಿತ್ತು. ಬಾಯಮ್ಮ ಚೀಲದಿಂದ ವ್ಯಾಸಲೀನ್ ತೆಗೆದು
ತಾನೇ ಬೆರಳಲ್ಲಿ ಸವರಿದರು, ಸುತ್ತಲೂ, ಒತ್ತದೆ,
ನೋಯುತ್ತದೆಯೋ ಎಂಬ ಹಾಗೆ.

ಒತ್ತಿ.
ಎರಡೂ ಕೆಂಪು, ಒಟ್ಟಿಗೆ.
ಮುಸ್ಸಂಜೆಯ ಶೆಡ್ಡಿನಲ್ಲಿ ಕ್ಯಾಲೆಂಡರಿನ ತಾರೀಕೆಲ್ಲ ರಜಾದಿನವಾಯಿತು.

ಬಿಲ್ಲು ಬೇಕೇಬೇಕು ಅಂದರು. ಬರೆದೆ:
ಅರ್ತ್ ಕೊಟ್ಟ ಬಾಬ್ತು, ಮುನ್ನೂರೈವತ್ತು.
ಓದಿ, ಮಡಚಿ, ಕನ್ನಡಕದ ಡಬ್ಬಿಯೊಳಗಿಟ್ಟರು.
ಎಲ್ಲಿಗೆಂದು ಅವರು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.
ಬಡಗಿಗೆ ಹೋದರು. ಕಾರವಾರ, ಗೋವಾ, ಬೊಂಬಾಯಿ;
ಮೂಳೂರಿಗೂ ಅದೇ ರಸ್ತೆ.
ದೂರದ ಬ್ಯಾರಿಕೇಡಿನ ಬಳಿ ಬ್ರೇಕ್ ಒತ್ತಿದ್ದು ಇಲ್ಲಿಗೇ ಕಂಡಿತು,
ಎಡವೂ ಬಲವೂ.
ಅನ್ಸಾರ ಹೈವೇಯ ಅಂಚಿನಲ್ಲಿ ನಿಂತು
ಇನ್ನೂ ಕೈಬೀಸುತ್ತಿದ್ದ: ಬಿಡಿ, ಬಿಡಿ.